ಬೆಟ್ಟಗಳ ಕಡತ, ನಡಿಗೆಯ ನಕ್ಷೆ: ಬ್ರಿಟನ್ನಿನ ಚಾರಣಿಗರ ಎರಡು ಡಿಜಿಟಲ್ ಸಾಧನಗಳು

ಬ್ರಿಟನ್ನಿನಲ್ಲಿ ಹಲವು ದಿನಗಳ ಕಾಲ್ನಡಿಗೆಯನ್ನೂ, ಪಟ್ಟಿ ಹಿಡಿದು ಒಂದೊಂದೇ ಶಿಖರ ಏರುವ ಹವ್ಯಾಸವನ್ನೂ ಜೊತೆಯಾಗಿ ನಡೆಸಬಯಸುವವರಿಗೆ ಎರಡು ಸಾಧನಗಳು ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲನೆಯದು ಬ್ರಿಟನ್ನಿನ ರಾಷ್ಟ್ರೀಯ ನಕ್ಷಾ ಸಂಸ್ಥೆಯಾದ ಆರ್ಡ್‌ನನ್ಸ್ ಸರ್ವೆಯ ಚಂದಾ ಸೇವೆ ‘ಓಎಸ್ ಮ್ಯಾಪ್ಸ್’. ಎರಡನೆಯದು ಬೆಟ್ಟಗಳ ಮೇಲಿನ ಪ್ರೀತಿಯಿಂದ ಸ್ವಯಂಸೇವಕರು ಸಿದ್ಧಪಡಿಸಿ ಉಚಿತವಾಗಿ ಹಂಚುತ್ತಿರುವ ‘ಡೇಟಾಬೇಸ್ ಆಫ್ ಬ್ರಿಟಿಷ್ ಅಂಡ್ ಐರಿಷ್ ಹಿಲ್ಸ್’ ಎಂಬ ಕಡತ. ಎಲ್ಲಿಗೆ ಹೋಗಬೇಕೆಂಬುದನ್ನು ಕಡತ ಹೇಳುತ್ತದೆ, ಅಲ್ಲಿನ ನೆಲ ಹೇಗಿದೆಯೆಂಬುದನ್ನು ನಕ್ಷೆ ತೋರಿಸುತ್ತದೆ. ಹೇಗೆ ಹೋಗಬೇಕೆಂಬುದನ್ನು ಮಾತ್ರ ಎರಡೂ ಹೇಳುವುದಿಲ್ಲ. ಅದನ್ನು ನಕ್ಷೆ ಓದಬಲ್ಲವರೇ ನಿರ್ಧರಿಸಬೇಕು. ಈ ಮಿತಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಇವುಗಳ ಗುಣದೋಷಗಳನ್ನು ನೋಡಬೇಕೆಂದು ನನಗೆ ಅನಿಸುತ್ತದೆ.

ಕಡತದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಇಂಥದೊಂದು ಇದೆಯೆಂಬುದೇ ಬಹಳ ಚಾರಣಿಗರಿಗೆ ತಿಳಿದಿರುವುದಿಲ್ಲ. ಸ್ಕಾಟ್ಲೆಂಡಿನಲ್ಲಿ 3,000 ಅಡಿ ಮೀರಿದ ಬೆಟ್ಟಗಳನ್ನು ಸರ್ ಹ್ಯೂ ಮನ್ರೋ 1891ರಲ್ಲಿ ಪಟ್ಟಿ ಮಾಡಿದರು. ಅಂದಿನಿಂದ ‘ಮನ್ರೋ’ ಎಂಬುದೇ ಆ ಬೆಟ್ಟಗಳ ಹೆಸರಾಗಿದ್ದು, ಅವುಗಳ ಸಂಖ್ಯೆ ಈಗ 282. ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ‘ವೈನ್‌ರೈಟ್’ಗಳೆಂದು ಕರೆಯಲಾಗುವ 214 ಬೆಟ್ಟಗಳಿವೆ. ಒಟ್ಟು ಎತ್ತರ ಎಷ್ಟೇ ಇರಲಿ, ಸುತ್ತಲಿನ ನೆಲದಿಂದ ಕನಿಷ್ಠ 150 ಮೀಟರ್ ಎದ್ದು ನಿಂತ ಬೆಟ್ಟಗಳಿಗೆ ‘ಮ್ಯಾರಿಲಿನ್’ ಎಂಬ ಬೇರೊಂದು ಪಟ್ಟಿಯಿದೆ. ಇಂಥ ಹಲವಾರು ಪಟ್ಟಿಗಳನ್ನು ಒಂದೇ ಕೋಷ್ಟಕಕ್ಕೆ ತಂದು, 20,000ಕ್ಕೂ ಹೆಚ್ಚು ಬೆಟ್ಟಗಳ ಹೆಸರು, ಎತ್ತರ, ಸ್ಥಾನ, ಸೇರಿದ ವರ್ಗಗಳು ಇವೆಲ್ಲವನ್ನೂ ಯಾವುದೇ ಸ್ಪ್ರೆಡ್‌ಶೀಟ್‌ನಲ್ಲಿ ತೆರೆಯಬಹುದಾದ ರೂಪದಲ್ಲಿ ಕೊಟ್ಟಿರುವುದು ಈ ಕಡತದ ಹೆಚ್ಚುಗಾರಿಕೆ.

ಇದರಲ್ಲಿ ನಾನು ಅತಿ ಹೆಚ್ಚು ಬಳಸುವ ಅಂಕಣ ‘ಡ್ರಾಪ್’. ಒಂದು ಶಿಖರದಿಂದ ಅದಕ್ಕಿಂತ ಎತ್ತರದ ಇನ್ನೊಂದು ನೆಲಕ್ಕೆ ಹೋಗಬೇಕಾದರೆ ಕನಿಷ್ಠ ಎಷ್ಟು ಇಳಿಯಲೇಬೇಕು ಎಂಬುದನ್ನು ಅದು ತಿಳಿಸುತ್ತದೆ. ಆ ಇಳಿತ ಮುಗಿಯುವ ತಗ್ಗು ಎಲ್ಲಿದೆ ಎಂಬುದೂ ಪಕ್ಕದಲ್ಲೇ ದಾಖಲಾಗಿದೆ. ನಾಲ್ಕಾರು ಶಿಖರಗಳನ್ನು ಒಂದೇ ದಿನದಲ್ಲಿ ಪೋಣಿಸಲು ಹೊರಟವರಿಗೆ ಬೆಟ್ಟದ ಎತ್ತರಕ್ಕಿಂತ ಈ ಅಂಕಿಯೇ ಮುಖ್ಯ. ಶಿಖರದ ನೆತ್ತಿಯನ್ನು ಹೇಗೆ ಗುರುತಿಸಬೇಕು, ಅಲ್ಲಿರುವುದು ಕಲ್ಲುಗುಪ್ಪೆಯೋ, ಸರ್ವೆ ಕಂಬವೋ, ಬರಿಯ ಬಂಡೆಯೋ ಎಂಬ ಟಿಪ್ಪಣಿಯೂ ಇದೆ. ಮಂಜು ಕವಿದ ಬಯಲು ನೆತ್ತಿಯಲ್ಲಿ ನಿಂತವರಿಗೆ ಈ ಟಿಪ್ಪಣಿಯ ಬೆಲೆ ಗೊತ್ತಾಗುತ್ತದೆ.

ಕಡತವನ್ನು ಒಮ್ಮೆ ಇಳಿಸಿಕೊಂಡು ಮರೆತುಬಿಡಬಾರದು, ಏಕೆಂದರೆ ಬೆಟ್ಟಗಳ ಅಳತೆ ಇಂದಿಗೂ ಪರಿಷ್ಕೃತವಾಗುತ್ತಲೇ ಇದೆ. 2016ರಲ್ಲಿ ಆರ್ಡ್‌ನನ್ಸ್ ಸರ್ವೆ ಸಮುದ್ರಮಟ್ಟದ ಲೆಕ್ಕಾಚಾರದ ಮಾದರಿಯನ್ನು ಸುಧಾರಿಸಿದಾಗ ಕಂಬ್ರಿಯಾದ ಕಾಫ್ ಟಾಪ್ ಬೆಟ್ಟದ ಎತ್ತರ 609.606 ಮೀಟರ್ ಎಂದಾಯಿತು. ಪರ್ವತವೆನಿಸಿಕೊಳ್ಳಲು ಅಲ್ಲಿ ರೂಢಿಯಲ್ಲಿರುವ ಮಿತಿ 2,000 ಅಡಿ, ಎಂದರೆ 609.6 ಮೀಟರ್. ಹೀಗೆ ಕೇವಲ ಆರು ಮಿಲಿಮೀಟರ್‌ಗಳಿಂದ ಅದು ಪರ್ವತಗಳ ಸಾಲಿಗೆ ಸೇರಿತು. ಬ್ರಿಟನ್ನಿನ ಅತಿ ಎತ್ತರದ ಬೆಟ್ಟವಾದ ಬೆನ್ ನೆವಿಸ್ 1,344ರಿಂದ 1,345 ಮೀಟರ್‌ಗೆ ಏರಿದ್ದೂ ಅದೇ ವರ್ಷ. ಇಂಥ ಬದಲಾವಣೆಗಳನ್ನು ಕಡತದ ನಿರ್ವಾಹಕರು ಶ್ರದ್ಧೆಯಿಂದ ಸೇರಿಸುತ್ತಾರೆ, ಆದ್ದರಿಂದ ಪ್ರತಿ ಯೋಜನೆಗೂ ಮುನ್ನ ಹೊಸ ಆವೃತ್ತಿಯನ್ನು ಪಡೆದುಕೊಳ್ಳುವುದು ಒಳ್ಳೆಯದು.

ಈ ಕಡತವನ್ನು ನಕ್ಷೆ ರಚಿಸುವ ‘ಕ್ಯೂಜಿಐಎಸ್’ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು, 2010ರಿಂದ ಆರ್ಡ್‌ನನ್ಸ್ ಸರ್ವೆ ಮುಕ್ತವಾಗಿ ನೀಡುತ್ತಿರುವ ದತ್ತಾಂಶದ ಮೇಲೆ ಬೆಟ್ಟಗಳನ್ನು ಚುಕ್ಕೆಗಳಾಗಿ ಹರಡಿದರೆ, ಕೋಷ್ಟಕದಲ್ಲಿ ಕಾಣದ ಸಂಬಂಧಗಳು ಕಣ್ಣಿಗೆ ಬೀಳುತ್ತವೆ. ಸ್ಕಾಟ್ಲೆಂಡಿನ ಮಲ್‌ಗಾಯ್‌ನಿಂದ ಫೋರ್ಟ್ ವಿಲಿಯಂವರೆಗಿನ 154 ಕಿಲೋಮೀಟರ್‌ಗಳ ವೆಸ್ಟ್ ಹೈಲ್ಯಾಂಡ್ ವೇ ದಾರಿಯನ್ನು ಇದರ ಮೇಲೆ ಎಳೆದು ನೋಡಿ. ರೋವರ್‌ಡೆನನ್‌ನಲ್ಲಿ ದಾರಿಯ ಪಕ್ಕದಲ್ಲೇ 974 ಮೀಟರಿನ ಬೆನ್ ಲೋಮಂಡ್ ಇದೆ. ಬ್ರಿಡ್ಜ್ ಆಫ್ ಆರ್ಕಿಯಲ್ಲಿ 1,076 ಮೀಟರಿನ ಬೆನ್ ಡೋರನ್ ದಾರಿಗೆ ಒರಗಿದಂತೆ ನಿಂತಿದೆ. ಅದರ ಮತ್ತು ನೆರೆಯ ಇನ್ನೊಂದು ಮನ್ರೋದ ನಡುವಿನ ತಗ್ಗಿಗೆ ಹತ್ತಿದರೆ ಎರಡನ್ನೂ ಒಂದೇ ದಿನದಲ್ಲಿ ಮುಗಿಸಬಹುದು. ದಾರಿಯ ಕೊನೆಯಲ್ಲಿ ಬೆನ್ ನೆವಿಸ್ ಇದ್ದೇ ಇದೆ. ಕಣಿವೆಯ ನಡಿಗೆಯೆಂದು ಹೆಸರಾದ ಈ ದಾರಿಗೆ ಎರಡು ಮೂರು ದಿನ ಸೇರಿಸಿಕೊಂಡರೆ ಅದು ಶಿಖರಯಾತ್ರೆಯೂ ಆಗುತ್ತದೆ. ಎಲ್ಲಿ ತಂಗಿದರೆ ಯಾವ ಬೆಟ್ಟ ಕೈಗೆಟುಕುತ್ತದೆ ಎಂಬುದು ತಿಂಗಳುಗಳ ಮುಂಚೆಯೇ ತಿಳಿಯುವುದರಿಂದ ತಂಗುದಾಣಗಳನ್ನು ಕಾಯ್ದಿರಿಸುವುದಕ್ಕೂ ಅನುಕೂಲ.

ಇನ್ನು ನಕ್ಷೆಯ ಸೇವೆಯ ವಿಚಾರ. 1791ರಲ್ಲಿ ಸ್ಥಾಪನೆಯಾದ ಆರ್ಡ್‌ನನ್ಸ್ ಸರ್ವೆಯ ಕಾಗದದ ನಕ್ಷೆಗಳಲ್ಲಿ 1:25,000 ಪ್ರಮಾಣದ ‘ಎಕ್ಸ್‌ಪ್ಲೋರರ್’ ಸರಣಿಗೆ 403 ಹಾಳೆಗಳೂ, 1:50,000 ಪ್ರಮಾಣದ ‘ಲ್ಯಾಂಡ್‌ರೇಂಜರ್’ ಸರಣಿಗೆ 204 ಹಾಳೆಗಳೂ ಇವೆ. ಚಂದಾದಾರರಿಗೆ ಇವೆಲ್ಲವೂ ಅಂಚುಗಳಿಲ್ಲದ ಒಂದೇ ನಕ್ಷೆಯಾಗಿ ಸಿಗುತ್ತವೆ. ಕೆಲವೇ ಹಾಳೆಗಳ ಬೆಲೆಗೆ ಇಡೀ ದ್ವೀಪ ದೊರೆಯುವುದರಿಂದ ಚಂದಾ ದುಬಾರಿಯೆಂದು ನಾನು ಹೇಳಲಾರೆ. ಹಣ ಕೊಡದೆ ಸಿಗುವ ಸಾಮಾನ್ಯ ನಕ್ಷೆ ಊರಿನ ಸುತ್ತಾಟಕ್ಕೆ ಸರಿಯಾದೀತು, ಬೆಟ್ಟದ ಕೆಲಸಕ್ಕೆ ಸಾಲದು. ಎಕ್ಸ್‌ಪ್ಲೋರರ್ ನಕ್ಷೆಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಕಾನೂನುಬದ್ಧ ಕಾಲುದಾರಿಗಳು ಹಸಿರು ತುಂಡುಗೆರೆಗಳಲ್ಲಿಯೂ, ನೆಲದ ಮೇಲೆ ನಿಜವಾಗಿ ಕಾಣುವ ಜಾಡುಗಳು ಕಪ್ಪು ತುಂಡುಗೆರೆಗಳಲ್ಲಿಯೂ ಇರುತ್ತವೆ. ಹಸಿರು ಗೆರೆ ನಡೆಯುವ ಹಕ್ಕನ್ನು ಹೇಳುತ್ತದೆಯೇ ಹೊರತು ಅಲ್ಲಿ ಜಾಡು ಸವೆದಿದೆಯೆಂದು ಹೇಳುವುದಿಲ್ಲ. 2003ರ ಕಾನೂನಿನಿಂದ ಬಹುಪಾಲು ನೆಲದ ಮೇಲೆ ಹೊಣೆಯರಿತು ನಡೆಯುವ ಹಕ್ಕಿರುವ ಸ್ಕಾಟ್ಲೆಂಡಿನಲ್ಲಿ ಈ ಹಸಿರು ಗೆರೆಗಳೇ ಇರುವುದಿಲ್ಲ. ಹೊಸದಾಗಿ ಬಂದವರು ಮೊದಲು ಕಲಿಯಬೇಕಾದದ್ದು ಇದು, ಮತ್ತು ಸೇವೆಯ ಆರಂಭದ ಪರದೆಯಲ್ಲೇ ಇದನ್ನು ವಿವರಿಸಿದರೆ ಬಹಳ ಉಪಕಾರವಾಗುತ್ತದೆ.

ಪರದೆಯ ಮೇಲೆ ಒಂದೊಂದೇ ಬಿಂದು ಒತ್ತುತ್ತ ಹೋದರೆ ದಾರಿ ಮೂಡುತ್ತದೆ. ದೂರ, ಒಟ್ಟು ಏರು, ಏರಿಳಿತದ ಚಿತ್ರ, ತಗಲುವ ಸಮಯ ಕೂಡಲೇ ಬರುತ್ತವೆ. ಇಲ್ಲಿಯೇ ಅತಿ ಹೆಚ್ಚು ಎಚ್ಚರ ಬೇಕು. ಇಂಗ್ಲೆಂಡಿನ ಅತಿ ಎತ್ತರದ ಸ್ಕಾಫೆಲ್ ಪೈಕ್ 978 ಮೀಟರ್. ಅದರ ನೆರೆಯ ಸ್ಕಾ ಫೆಲ್ 964 ಮೀಟರ್. ಎರಡು ನೆತ್ತಿಗಳ ನಡುವೆ ನೇರ ಅಂತರ ಒಂದು ಕಿಲೋಮೀಟರಿಗಿಂತ ತುಸು ಹೆಚ್ಚು. ನಡುವಿನ ತಗ್ಗಾದ ಮಿಕಲ್‌ಡೋರ್‌ನಿಂದ ಸ್ಕಾ ಫೆಲ್‌ನ ಡ್ರಾಪ್ ಸುಮಾರು 133 ಮೀಟರ್ ಮಾತ್ರ, ಹಾಗಾಗಿ ಅಷ್ಟು ಎತ್ತರವಿದ್ದೂ ಅದು ಮ್ಯಾರಿಲಿನ್ ಪಟ್ಟಿಯಲ್ಲಿಲ್ಲ. ಕೋಷ್ಟಕ ನೋಡಿದವರಿಗೆ ಇದು ಅರ್ಧ ಗಂಟೆಯ ಕೆಲಸವೆಂದು ತೋರುತ್ತದೆ. ಆದರೆ ಮಿಕಲ್‌ಡೋರ್‌ನಿಂದ ಮೇಲಕ್ಕೆ ನೇರವಾಗಿ ಎದುರಾಗುವುದು ಬ್ರಾಡ್ ಸ್ಟ್ಯಾಂಡ್ ಎಂಬ ಬಂಡೆಯ ಮೆಟ್ಟಿಲುಗಳು. 1802ರಲ್ಲಿ ಕವಿ ಕೋಲ್‌ರಿಜ್ ಅದನ್ನು ಇಳಿದು ಬದುಕಿ ಬಂದದ್ದು ಪ್ರಸಿದ್ಧ ಸಂಗತಿಯಾದರೂ, ಅದು ಬಂಡೆ ಹತ್ತುವವರ ಜಾಗ, ನಡೆಯುವವರದಲ್ಲ. ಅಲ್ಲಿ ಅಪಘಾತಗಳು ಅನೇಕವಾಗಿವೆ. ನಡೆಯುವವರು ಎಸ್ಕ್‌ಡೇಲ್ ಕಡೆಗೆ ಸಾಕಷ್ಟು ಇಳಿದು, ಫಾಕ್ಸಸ್ ಟಾರ್ನ್ ಎಂಬ ಪುಟ್ಟ ಕೊಳದ ಕೊರಕಲಿನಲ್ಲಿ ಮತ್ತೆ ಏರಬೇಕು. ಇಲ್ಲವೇ ವಾಸ್‌ಡೇಲ್ ಬದಿಯ ಲಾರ್ಡ್ಸ್ ರೇಕ್ ಎಂಬ ಸಡಿಲಗಲ್ಲಿನ ಕಿರಿದಾರಿ ಹಿಡಿಯಬೇಕು.

ತಂತ್ರಾಂಶದಲ್ಲಿ ಎರಡು ನೆತ್ತಿಗಳನ್ನು ನೇರ ಗೆರೆಯಿಂದ ಜೋಡಿಸಿದರೆ ಈ ಅಪಾಯದ ಸುಳಿವೇ ಸಿಗದಿರಬಹುದು. ಕಾರಣ ಸರಳವಾದದ್ದು. ಎತ್ತರದ ದತ್ತಾಂಶವೆಂದರೆ ಸಮಾನ ಅಂತರದ ಬಿಂದುಗಳ ಜಾಲ; ಆರ್ಡ್‌ನನ್ಸ್ ಸರ್ವೆಯ ಉಚಿತ ‘ಟೆರೇನ್ 50’ರಲ್ಲಿ ಆ ಅಂತರ 50 ಮೀಟರ್. ಎರಡು ಬಿಂದುಗಳ ನಡುವೆ ನಿಂತ ಹತ್ತು ಮೀಟರಿನ ಬಂಡೆಗೋಡೆ ಲೆಕ್ಕದಲ್ಲಿ ಬರೀ ಇಳಿಜಾರಾಗಿ ಕರಗಿಹೋಗುತ್ತದೆ. ಒಟ್ಟು ಏರಿನ ಅಂಕಿ ಒಂದೊಂದು ತಂತ್ರಾಂಶದಲ್ಲಿ ಒಂದೊಂದು ಬಗೆಯಾಗಿ ಬರುವುದಕ್ಕೂ ಇದೇ ಮುಖ್ಯ ಕಾರಣ. ಆದರೆ ಅದೇ ಜಾಗವನ್ನು ಎಕ್ಸ್‌ಪ್ಲೋರರ್ ನಕ್ಷೆಯಲ್ಲಿ ದೊಡ್ಡದಾಗಿಸಿ ನೋಡಿದರೆ ಬಂಡೆಯ ಕಪ್ಪು ಚಿತ್ರಿಕೆಯೂ, ಒಂದಕ್ಕೊಂದು ಅಂಟಿಕೊಂಡ ಸಮೋನ್ನತಿ ರೇಖೆಗಳೂ ಸ್ಪಷ್ಟವಾಗಿ ಕಾಣುತ್ತವೆ. ಈ ಸೇವೆಗೆ ಹಣ ಕೊಡಬೇಕಾದದ್ದು ಈ ನಕ್ಷೆಗಾಗಿ, ಗೆರೆ ಎಳೆಯುವ ಅನುಕೂಲಕ್ಕಾಗಿ ಅಲ್ಲ. 2021ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಣ ಸಂಸ್ಥೆ ಮತ್ತು ಜಾನ್ ಮ್ಯೂರ್ ಟ್ರಸ್ಟ್, ಬೆನ್ ನೆವಿಸ್‌ಗೆ ಗೂಗಲ್ ಮ್ಯಾಪ್ಸ್ ಸೂಚಿಸುತ್ತಿದ್ದ ದಾರಿಯ ಬಗ್ಗೆ ಬಹಿರಂಗ ಎಚ್ಚರಿಕೆ ಕೊಡಬೇಕಾಗಿ ಬಂದದ್ದು ಈ ವ್ಯತ್ಯಾಸವನ್ನು ಚೆನ್ನಾಗಿ ತೋರಿಸುತ್ತದೆ.

ಸಮಯದ ಅಂದಾಜಿಗೆ ಸ್ಕಾಟ್ಲೆಂಡಿನ ಪರ್ವತಾರೋಹಿ ನೇಸ್ಮಿತ್ 1892ರಲ್ಲಿ ಹೇಳಿದ ಸೂತ್ರವೇ ಇಂದಿಗೂ ತಳಹದಿ: ಮೂರು ಮೈಲಿಗೆ ಒಂದು ಗಂಟೆ, 2,000 ಅಡಿ ಏರಿಗೆ ಇನ್ನೊಂದು ಗಂಟೆ. ವಾಸ್‌ಡೇಲ್ ಹೆಡ್‌ನಿಂದ ಸ್ಕಾಫೆಲ್ ಪೈಕ್‌ಗೆ ಸುಮಾರು 900 ಮೀಟರ್ ಏರು, ಅಂದರೆ ಏರಿಗೇ ಒಂದೂವರೆ ಗಂಟೆ ಸೇರಿಸಬೇಕು. ಬೆನ್ನ ಮೇಲೆ ಡೇರೆ ಹೊತ್ತು ದಿನಗಟ್ಟಲೆ ನಡೆಯುವವರಿಗೆ ಇದು ಆಶಾವಾದಿ ಲೆಕ್ಕ. ಪರದೆಯ ಅಂಕಿಗೆ ಮೂರನೆಯ ಒಂದು ಭಾಗವನ್ನಾದರೂ ಕೂಡಿಸಿಕೊಳ್ಳಿ ಎಂಬುದು ನನ್ನ ಸಲಹೆ.

ಸಿದ್ಧವಾದ ದಾರಿಯನ್ನು ಜಿಪಿಎಕ್ಸ್ ಕಡತವಾಗಿ ಹೊರತೆಗೆಯಬಹುದು. 2002ರಲ್ಲಿ ಬಂದ ಈ ಮಾದರಿಯನ್ನು ಕೈಗಡಿಯಾರದಿಂದ ಮೊಬೈಲಿನವರೆಗೆ ಬಹುತೇಕ ಎಲ್ಲ ಸಾಧನಗಳೂ ಓದುತ್ತವೆ. ಇದರೊಳಗೆ ಮೂರು ಬಗೆಯ ವಸ್ತುಗಳಿರಬಹುದು: ಬಿಡಿ ಸ್ಥಾನಗಳಾದ ವೇಪಾಯಿಂಟ್, ಯೋಜಿಸಿದ ದಾರಿಯಾದ ರೂಟ್, ನಡೆದು ದಾಖಲಿಸಿದ ಜಾಡಾದ ಟ್ರ್ಯಾಕ್. ಕರ್ನಾಟಕದ ಚಾರಣಿಗರಿಗೆ ಮೂರನೆಯದೇ ಹೆಚ್ಚು ಪರಿಚಿತ. ಕುಮಾರ ಪರ್ವತಕ್ಕೋ ಕುದುರೆಮುಖಕ್ಕೋ ಹೊರಟವರು ಹಿಂದೆ ಹೋದವರ ಟ್ರ್ಯಾಕ್ ಇಳಿಸಿಕೊಳ್ಳುವುದು ರೂಢಿ. 1800ರಲ್ಲಿ ಬೆಂಗಳೂರಿನ ಬಳಿಯೇ ಬ್ರಿಟಿಷ್ ಸರ್ವೆ ಅಧಿಕಾರಿ ಲ್ಯಾಂಬ್ಟನ್ ಭೂಮಾಪನದ ಆಧಾರರೇಖೆ ಅಳೆದ ನಾಡಿನಲ್ಲಿ, ನಡೆಯುವವರಿಗೆಂದೇ ರೂಪಿಸಿದ ಇಂಥ ಸಮಗ್ರ ನಕ್ಷೆ ಕೈಗೆ ಸಿಗಬೇಕೆಂಬುದು ನನ್ನ ಹಂಬಲ. ಬೇರೆಯವರ ಟ್ರ್ಯಾಕ್‌ನಲ್ಲಿ ಅವರು ದಾರಿ ತಪ್ಪಿ ಸುತ್ತಿದ್ದೂ ಊಟಕ್ಕೆ ಬದಿಗೆ ಸರಿದದ್ದೂ ಸೇರಿರುತ್ತವೆ, ಆದ್ದರಿಂದ ಅದನ್ನು ಒಳ್ಳೆಯ ನಕ್ಷೆಯ ಮೇಲೆ ಹರಡಿ ಪರಿಶೀಲಿಸದೆ ಬೆಟ್ಟಕ್ಕೆ ಒಯ್ಯಬಾರದು.

ಸ್ಥಾನಸೂಚಿಗಳಲ್ಲೂ ಒಂದು ತೊಡಕಿದೆ. ಬ್ರಿಟಿಷ್ ಗ್ರಿಡ್‌ನಲ್ಲಿ ಬೆನ್ ನೆವಿಸ್ ‘ಎನ್‌ಎನ್ 166 712’; ಎರಡು ಅಕ್ಷರಗಳು 100 ಕಿಲೋಮೀಟರಿನ ಚೌಕವನ್ನೂ, ಆರು ಅಂಕೆಗಳು ಅದರೊಳಗಿನ 100 ಮೀಟರಿನ ಚೌಕವನ್ನೂ ಹೇಳುತ್ತವೆ. ಈ ಗ್ರಿಡ್ ಭೂಮಿಯ ಆಕಾರದ ಬಗೆಗಿನ ಹತ್ತೊಂಬತ್ತನೆಯ ಶತಮಾನದ ಲೆಕ್ಕವನ್ನು ಆಧರಿಸಿದೆ, ಮೊಬೈಲಿನ ಜಿಪಿಎಸ್ ಬೇರೆಯದನ್ನು ಆಧರಿಸಿದೆ. ಪರಿವರ್ತಿಸದೆ ಬೆರೆಸಿದರೆ ಬಿಂದು ನೂರು ಮೀಟರಿನಷ್ಟು ಸರಿಯುತ್ತದೆ. ಬೆಟ್ಟಗಳ ಕಡತದಲ್ಲಿ ಎರಡೂ ಬಗೆಯ ಅಂಕಿಗಳು ಪ್ರತ್ಯೇಕವಾಗಿಯೇ ಇರುವುದರಿಂದ ಸ್ವತಃ ಪರಿವರ್ತಿಸುವ ಅಗತ್ಯವಿಲ್ಲ.

ಓಎಸ್ ಮ್ಯಾಪ್ಸ್ ಸೇವೆಯ ದೊಡ್ಡ ಕೊರತೆಯೆಂದರೆ ಅದು ದಾರಿಗಳಿಗಾಗಿ ರೂಪುಗೊಂಡಿದೆ, ಪಟ್ಟಿಗಳಿಗಾಗಿ ಅಲ್ಲ. ನೂರಾರು ಶಿಖರಗಳನ್ನು ಒಟ್ಟಿಗೆ ತಂದು, ಹತ್ತಿದವನ್ನು ಒಂದು ಬಣ್ಣದಲ್ಲಿ, ಉಳಿದವನ್ನು ಇನ್ನೊಂದರಲ್ಲಿ ನೋಡಬೇಕಾದರೆ ಬೇರೆ ತಂತ್ರಾಂಶದ ಮೊರೆ ಹೋಗಬೇಕು. ಕಣಿವೆಗಳಲ್ಲಿ ಮೊಬೈಲ್ ಸಂಪರ್ಕ ಸಿಗುವುದು ಅಪರೂಪವಾದ್ದರಿಂದ ಆಯಾ ದಿನದ ನಕ್ಷೆಯನ್ನು ಮನೆಯಲ್ಲೇ ಇಳಿಸಿಟ್ಟುಕೊಳ್ಳಬೇಕು. ಚಳಿಯಲ್ಲಿ ಬ್ಯಾಟರಿ ಬೇಗ ಬರಿದಾಗುವುದರಿಂದ, ಹೋಗುವ ಪ್ರದೇಶದ ಕಾಗದದ ಹಾಳೆಯನ್ನೂ ಕೊಳ್ಳಿ. ಆ ಹಾಳೆಯ ಜೊತೆ ಬರುವ ಸಂಕೇತದಿಂದ ಅಷ್ಟು ಭಾಗದ ಡಿಜಿಟಲ್ ನಕ್ಷೆಯೂ ಮೊಬೈಲಿಗೆ ಸಿಗುತ್ತದೆ. ಒಂದೇ ಪ್ರದೇಶದಲ್ಲಿ ವಾರ ಕಳೆಯಲು ಬರುವವರು ವರ್ಷದ ಚಂದಾ ತೆರುವ ಬದಲು ಈ ಹಾಳೆಯನ್ನೂ ಉಚಿತ ಕಡತವನ್ನೂ ಇಟ್ಟುಕೊಂಡು ಹೊರಡಬಹುದು. ವರ್ಷವಿಡೀ ಬೇರೆ ಬೇರೆ ಬೆಟ್ಟಗಳಿಗೆ ಹೋಗುವವರಿಗೆ ಮಾತ್ರ ಚಂದಾ ಕಟ್ಟಿರೆಂದು ಹೇಳುತ್ತೇನೆ.