ನೇಪಾಳ, ಶ್ರೀಲಂಕಾ, ಎಚ್.ಡಿ. ಕೋಟೆ: ಮೂರೂ ಕಡೆ ಚಾಳೀಸು ಹಂಚಿ ಬಂದ ಮೇಲೆ

ನಮ್ಮ ಚರ್ಚ್ ಸಭೆಯ ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಸಿಹಿಗುಂಬಳಕಾಯಿ ನಾಲ್ಕು ಸಾವಿರಕ್ಕೆ ಹೋಯಿತು. ಕೂಗಿದವರು ದುಡ್ಡು ಕೊಟ್ಟು ಕಾಯಿಯನ್ನು ಅಲ್ಲೇ ಬಿಟ್ಟರು. ಮತ್ತೆ ಹರಾಜಿಗಿಟ್ಟರೆ ಇನ್ನೊಂದು ಮೂರೂವರೆ ಸಾವಿರ. ಹೀಗೆ ಕುಂಬಳಕಾಯಿ, ಕಬ್ಬು, ನಾಟಿಕೋಳಿ ಕೂಗಿ ಕೂಡಿಟ್ಟ ದುಡ್ಡಿಗೆ ನಮ್ಮ ಕೈಯಿಂದಲೂ ಒಂದಷ್ಟು ಹಾಕಿ, 2023ರಲ್ಲಿ ಯೌವನಸ್ಥರ ಕೂಟದವರು ಹನ್ನೊಂದು ಜನ ನೇಪಾಳಕ್ಕೆ ಸೇವೆಗೆ ಹೋದೆವು. ಮರುವರ್ಷ ಶ್ರೀಲಂಕಾ. ಇವೆರಡರ ನಡುವೆ ಶುರುವಾಗಿದ್ದು ಎಚ್.ಡಿ. ಕೋಟೆ ಕಡೆಯ ಒಂದು ಹಾಡಿಗೆ, ಅಂದರೆ ಕಾಡಂಚಿನ ಆದಿವಾಸಿಗಳ ಪುಟ್ಟ ಊರಿಗೆ, ತಿಂಗಳಿಗೊಂದು ಶನಿವಾರ ಹೋಗುವುದು. ಮುಂದಿನ ಸಲ ಎಲ್ಲಿಗೆ ಅಂತ ಈಗ ಕಮಿಟಿಯಲ್ಲಿ ಮಾತು ಎದ್ದಿದೆ. ಮೂರೂ ಕಡೆ ಹೋದವಳು ನಾನು, ಹಾಗಾಗಿ ನನ್ನನ್ನು ಕೇಳಿದರು.

ಮೈಸೂರಿನ ಒಂದು ಕನ್ನಡಕದ ಅಂಗಡಿಯಲ್ಲಿ ಹನ್ನೆರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಹಾಗಾಗಿ ಎಲ್ಲಿಗೆ ಹೋದರೂ ನನ್ನ ಪಾಲಿಗೆ ಬರುವುದು ಚಾಳೀಸು. ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಸುಕಾಗುತ್ತದಲ್ಲ, ಅದಕ್ಕೆ ಹಾಕುವ ಓದುವ ಕನ್ನಡಕ. ಸಗಟಿನಲ್ಲಿ ತಂದರೆ ಒಂದಕ್ಕೆ ಅರವತ್ತು ರೂಪಾಯಿ ಬೀಳುತ್ತದೆ. ಉಳಿದವರು ಮಕ್ಕಳಿಗೆ ಹಾಡು ಕಲಿಸುವುದು, ಶಾಲೆಗೆ ಬಣ್ಣ ಹೊಡೆಯುವುದು ಎಲ್ಲ ಮಾಡಿದರು. ನಾನು ನನ್ನ ಕಣ್ಣಿನ ಲೆಕ್ಕವನ್ನಷ್ಟೇ ಹೇಳುತ್ತೇನೆ.

ಮೊದಲು ನೇಪಾಳ. ವೀಸಾ ಬೇಡ, ಹಾಗಂತ ಸುಮ್ನೆ ಹೊರಟುಬಿಡುವ ಹಾಗಿಲ್ಲ. ವಿಮಾನದಲ್ಲಿ ಹೋಗುವುದಾದರೆ ಪಾಸ್‌ಪೋರ್ಟ್ ಇಲ್ಲವೇ ವೋಟರ್ ಐಡಿ ಬೇಕು. ಹದಿನೈದರಿಂದ ಅರವತ್ತೈದು ವಯಸ್ಸಿನವರಿಗೆ ಆಧಾರ್ ನಡೆಯುವುದಿಲ್ಲ. ಮಂಡ್ಯದ ನಮ್ಮ ಹುಡುಗನೊಬ್ಬ ಆಧಾರ್ ಹಿಡಿದುಕೊಂಡೇ ಬೆಂಗಳೂರು ಏರ್‌ಪೋರ್ಟಿಗೆ ಬಂದಿದ್ದ. ಅವನ ಅಣ್ಣ ರಾತ್ರೋರಾತ್ರಿ ಬೈಕಿನಲ್ಲಿ ವೋಟರ್ ಕಾರ್ಡ್ ತಂದುಕೊಟ್ಟ. ನಮ್ಮ ನೂರು ರೂಪಾಯಿಗೆ ಅಲ್ಲಿ ನೂರ ಅರವತ್ತು. ಗಡಿಯಾರ ಹದಿನೈದೇ ನಿಮಿಷ ಮುಂದಿಡಬೇಕು. ಈ ಹದಿನೈದು ನಿಮಿಷದ ತಮಾಷೆ ಹತ್ತು ದಿನವೂ ಮುಗಿಯಲಿಲ್ಲ.

ನಾವು ಹೋಗಿದ್ದು ಧಾದಿಂಗ್ ಜಿಲ್ಲೆಯ ಬೆಟ್ಟದ ಮೇಲಿನ ಹಳ್ಳಿಗೆ. 2015ರ ಏಪ್ರಿಲ್ ಭೂಕಂಪದಲ್ಲಿ ತುಂಬಾ ಪೆಟ್ಟು ತಿಂದ ಜಿಲ್ಲೆ ಅದು. ಹತ್ತು ದಿನದಲ್ಲಿ ಹೋಗಿ ಬರುವುದಕ್ಕೇ ನಾಲ್ಕು ದಿನ. ಒಂದು ವಿಷಯ ಹೊರಡುವ ಮುಂಚೆ ಎಲ್ಲರಿಗೂ ಗೊತ್ತಿರಬೇಕು: ಅಲ್ಲಿ ಮತಾಂತರ ಮಾಡಿಸುವುದು ಅಪರಾಧ, ಐದು ವರ್ಷದವರೆಗೆ ಜೈಲು. ಕಾನೂನು 2018ರಿಂದ ಜಾರಿಯಲ್ಲಿದೆ. ಹಾಗಾಗಿ ಕರಪತ್ರ ಒಂದೂ ಒಯ್ಯಲಿಲ್ಲ. ಆರಾಧನೆ ಇದ್ದಿದ್ದು ಶನಿವಾರ, ಏಕೆಂದರೆ ಆಗ ಅವರ ವಾರದ ರಜೆ ಅದೇ. ಭಾನುವಾರ ಎಲ್ಲರೂ ಕೆಲಸಕ್ಕೆ ಹೋದಾಗ ನಾವು ಏನು ಮಾಡುವುದೆಂದು ತೋಚದೆ ಕೂತಿದ್ದೆವು.

ಮಾತಿನದೇ ದೊಡ್ಡ ತಾಪತ್ರಯ. ನಾನು ಮುರುಕು ಹಿಂದಿಯಲ್ಲಿ ಹೇಳಬೇಕು, ಅಲ್ಲಿನ ಆರೋಗ್ಯ ಕಾರ್ಯಕರ್ತೆ ದೀದಿ ಅದನ್ನು ನೇಪಾಳಿ ಮಾಡಬೇಕು, ಪಕ್ಕದ ಹುಡುಗಿ ಅಜ್ಜಿಯರಿಗೆ ತಮಾಂಗ್ ಭಾಷೆಯಲ್ಲಿ ಹೇಳಬೇಕು. "ದೂರ ನೋಡುವಾಗ ತೆಗೆದಿಡಿ" ಎಂದು ನಾನು ಹೇಳಿದ್ದು ಕೊನೆಗೆ ಏನಾಗಿ ತಲುಪಿತೋ! ಒಬ್ಬ ಅಜ್ಜ ಚಾಳೀಸು ಹಾಕಿಕೊಂಡೇ ಕಡಿದಾದ ಮೆಟ್ಟಿಲು ಇಳಿಯಲು ಹೋಗಿ ತಡವರಿಸಿದರು.

ನೂರ ನಲವತ್ತು ಕನ್ನಡಕ ಹಂಚಿದೆ. ಅಕ್ಷರ ಬಾರದವರಿಗೆ ಸೂಜಿಗೆ ದಾರ ಪೋಣಿಸುವುದೇ ಪರೀಕ್ಷೆ. ಎರಡೂವರೆ ಪವರ್ ಹಾಕಿದಾಗ ಒಬ್ಬರು ಮೊದಲ ಸಲಕ್ಕೇ ಪೋಣಿಸಿ, ತಕ್ಷಣ ಎಳೆದು ತೆಗೆದು, ಮತ್ತೆ ಪೋಣಿಸಿದರು. ಹೀಗೆ ಐದಾರು ಸಲ. ಹಿಂದೆ ಸಾಲು ನಿಂತಿದ್ದವರು ರೇಗುವವರೆಗೂ. ಆದರೆ ಕಣ್ಣಿನ ಪೊರೆ ಇದ್ದ ಐದು ಜನರನ್ನು ಗುರುತಿಸಿ ನಾನು ದೊಡ್ಡದಾಗಿ ಪಟ್ಟಿ ಬರೆದರೆ, ದೀದಿ ನಕ್ಕರು. ಆ ಐದೂ ಹೆಸರು ಅವರ ಪುಸ್ತಕದಲ್ಲಿ ಆಗಲೇ ಇತ್ತು. ಕಡಿಮೆ ಖರ್ಚಿನ ಪೊರೆ ಆಪರೇಷನ್ನಿಗೆ ಹೆಸರಾದ ಕಣ್ಣಿನ ಡಾಕ್ಟರು ಸಂದೂಕ್ ರುಯಿತ್ ಅವರ ದೇಶ ಅದು. ಕಾಠ್ಮಂಡುವಿನ ತಿಲಗಂಗಾ ಕಣ್ಣಿನ ಆಸ್ಪತ್ರೆಯಲ್ಲಿ, ಪೊರೆಯ ಆಪರೇಷನ್ ಮಾಡಿದಾಗ ಕಣ್ಣೊಳಗೆ ಕೂರಿಸುವ ಲೆನ್ಸನ್ನು ಕಡಿಮೆ ಖರ್ಚಿನಲ್ಲಿ ತಯಾರಿಸಿ ಹೊರದೇಶಕ್ಕೂ ಕಳಿಸುತ್ತಾರೆ. ಅಂಥವರ ನಾಡಿಗೆ ನಾನು ಅರವತ್ತು ರೂಪಾಯಿ ಕನ್ನಡಕ ಹೊತ್ತು ಕಣ್ಣಿನ ಸೇವೆಗೆ ಹೋಗಿದ್ದೆ!

ಊಟಕ್ಕೆ ದಿನಾ ಅನ್ನ ಬೇಳೆ. ಐದನೇ ದಿನ ಒಂದು ಮನೆಯಲ್ಲಿ ಧೀಡೋ ಅಂತ ಬಡಿಸಿದರು. ನೋಡಿದರೆ ರಾಗಿ ಮುದ್ದೆ! ಅವರು ಕೋದೋ ಅನ್ನುವುದು ನಮ್ಮ ರಾಗಿಯನ್ನೇ. ಜೊತೆಗೆ ಹುಳಿ ಬರಿಸಿದ ಸೊಪ್ಪಿನ ಸಾರು. ಮಂಡ್ಯದ ಹುಡುಗ ಅಗಿಯದೆ ನುಂಗುವುದನ್ನು ನೋಡಿ ಆ ಮನೆಯಮ್ಮನಿಗೆ ಖುಷಿಯೋ ಖುಷಿ. ಅವನಿಗೆ ಯಾವ ಭಾಷಾಂತರವೂ ಬೇಕಾಗಲಿಲ್ಲ.

ಶ್ರೀಲಂಕಾದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನುವರ ಎಲಿಯ ಕಡೆಯ ಟೀ ಎಸ್ಟೇಟಿನ ಲೈನ್ ಮನೆಗಳಲ್ಲಿ ಆರು ದಿನ. ಪಾಸ್‌ಪೋರ್ಟ್ ಇಲ್ಲದೆ ಆಗುವುದಿಲ್ಲವಾದ್ದರಿಂದ ನಮ್ಮಲ್ಲಿ ನಾಲ್ಕು ಜನ ಹಿಂದೆ ಉಳಿದರು. ಅಲ್ಲಿಯವರು ತಮಿಳಿನವರು, ನಮ್ಮ ಸಭೆಯಲ್ಲಿ ತಮಿಳು ಮಾತಾಡುವ ಮನೆಗಳು ಬೇಕಾದಷ್ಟಿವೆ. ಹಾಗಾಗಿ ಮಾತು ಸಲೀಸಾಯಿತು, ಕೆಲಸವೂ ನೇಪಾಳಕ್ಕಿಂತ ಬೇಗ ಸಾಗಿತು. ಆದರೆ ಹೆಂಗಸರೆಲ್ಲ ಬೆಳಗಾದರೆ ಎಲೆ ಕೀಳಲು ಹೋಗಿ ಸಂಜೆಗೆ ಬರುತ್ತಿದ್ದರು. ಹಗಲೆಲ್ಲ ನಾವು ಫೋಟೋ ತೆಗೆದಿದ್ದೇ ಜಾಸ್ತಿ. ಒಂದು ಮಾತು ನಮ್ಮ ಕಸುಬಿನವರಿಗೆ: ಹಡ್ಸನ್ ಸಿಲ್ವಾ ಎಂಬ ಅಲ್ಲಿನ ಡಾಕ್ಟರು ಕಟ್ಟಿದ ನೇತ್ರದಾನ ಸಂಘದಿಂದಾಗಿ ಆ ಪುಟ್ಟ ದೇಶದವರ ಕಣ್ಣುಗಳು ಲೋಕದ ಎಷ್ಟೋ ದೇಶಗಳಿಗೆ ಹೋಗಿವೆ. ಅಲ್ಲೂ ನಾನೇ ಕನ್ನಡಕ ಹೊತ್ತು ಹೋದವಳು.

ಇನ್ನು ಹಾಡಿ. ಮೈಸೂರಿನಿಂದ ಎಚ್.ಡಿ. ಕೋಟೆಗೆ ಸುಮಾರು ಐವತ್ತು ಕಿಲೋಮೀಟರ್, ಅಲ್ಲಿಂದ ಕಾಡಿನಂಚಿಗೆ ಇನ್ನಷ್ಟು. ಅಲ್ಲಿರುವವರು ಜೇನುಕುರುಬರು, ಅವರ ಮಾತು ಕಿವಿಗೊಟ್ಟರೆ ಮುಕ್ಕಾಲು ಅರ್ಥವಾಗುತ್ತದೆ. ಆನೆ ಓಡಾಡುವ ಜಾಗ, ಕತ್ತಲಾಗುವ ಮುಂಚೆ ಹೊರಟುಬಿಡಬೇಕು. ಮೊದಲ ಸಲ ಜನವರಿಯಲ್ಲಿ ಹೋಗಿ ಬೇಸ್ತುಬಿದ್ದೆವು. ಅರ್ಧ ಹಾಡಿ ಕೊಡಗಿಗೆ ಕಾಫಿ ಕುಯ್ಲಿಗೆ ಹೋಗಿತ್ತು. ಇದ್ದವರು ಮುದುಕರು, ಮಕ್ಕಳು, ನಾಯಿ. ಯಾರೂ ಹತ್ತಿರ ಬರಲಿಲ್ಲ. "ಫೋಟೋ ತೆಕ್ಕೊಂಡ್ರಾ? ಹೊರಡಿ" ಎಂದು ಒಬ್ಬರು ನೇರವಾಗಿ ಕೇಳಿಯೇಬಿಟ್ಟರು.

ಎರಡನೇ ಸಲ ಒಬ್ಬ ಅಜ್ಜಿ ಕೂತರು. ಸೂಜಿ ದಾರ ತಮಗೆ ಬೇಡ ಎಂದು ಮೊಮ್ಮಗಳ ತಲೆಯನ್ನು ಮಡಿಲಿಗೆ ಎಳೆದುಕೊಂಡರು. ಎರಡು ಪವರ್ ಹಾಕಿದೆ, ತಲೆ ಅಲ್ಲಾಡಿಸಿದರು. ಎರಡೂವರೆ ಹಾಕಿದ ಕೂಡಲೇ ಒಂದು ಹೇನು ಹೆಕ್ಕಿ ಉಗುರಿನ ಮೇಲೆ ಕುಕ್ಕಿದರು. ಅಂಗಡಿಯಲ್ಲಿ ನನಗೆ ಹೇಳಿಕೊಟ್ಟ ಯಾವ ಪರೀಕ್ಷೆಯೂ ಇಷ್ಟು ಚೊಕ್ಕವಾಗಿಲ್ಲ.

ಮೂರನೇ ಸಲ ಹೋದಾಗ ಆ ಕನ್ನಡಕದ ಒಂದು ಕಡ್ಡಿ ಕಳಚಿ, ನೂಲು ಸುತ್ತಿತ್ತು. ಮೊಮ್ಮಗಳು ಮೇಲೆ ಕೂತಿದ್ದಳಂತೆ. ಸ್ಕ್ರೂ ಹಾಕಿಕೊಟ್ಟೆ. ಅಂದಿನಿಂದ ಸಣ್ಣ ಸ್ಕ್ರೂ ಡ್ರೈವರು ನನ್ನ ಬ್ಯಾಗಿನಲ್ಲೇ ಇರುತ್ತದೆ. ಹೋದಾಗಲೆಲ್ಲ ನಾಲ್ಕೈದು ರಿಪೇರಿ ಇದ್ದೇ ಇರುತ್ತದೆ. ಪೊರೆ ಬಂದವರು ಮೂವರಿದ್ದರು. ಇಬ್ಬರು ಆಪರೇಷನ್ನಿಗೆ ಒಪ್ಪಿದರು. ಮೂರನೆಯವರು ನಾಲ್ಕು ತಿಂಗಳು ನಮ್ಮ ಗಾಡಿ ಕಂಡರೆ ಸಾಕು ಮನೆ ಹಿಂದೆ ಹೋಗುತ್ತಿದ್ದರು. ಐದನೇ ತಿಂಗಳು ತಾವೇ ಬಂದು ಹತ್ತಿ ಕೂತರು. ಆಪರೇಷನ್ ಆದ ಪಕ್ಕದ ಮನೆಯವನು ಕತ್ತಲಲ್ಲಿ ಒಬ್ಬನೇ ಓಡಾಡುವುದನ್ನು ನೋಡಿದ್ದರಂತೆ.

ದುಡ್ಡಿನ ವಿಷಯಕ್ಕೆ ಬಂದರೆ, ನೇಪಾಳಕ್ಕೆ ತಲೆಗೆ 38,000 ಆಯಿತು, ಹನ್ನೊಂದು ಜನಕ್ಕೆ 4,18,000. ಹಾಡಿಗೆ ಹೋಗಿ ಬರಲು ಟೆಂಪೋ ಟ್ರಾವೆಲರ್ ಬಾಡಿಗೆ 6,500. ಅಂದರೆ ಒಂದು ನೇಪಾಳದ ದುಡ್ಡಲ್ಲಿ ಅರವತ್ತನಾಲ್ಕು ಸಲ ಹಾಡಿಗೆ ಹೋಗಬಹುದು. ಐದು ವರ್ಷಕ್ಕೂ ಮೇಲಾಯಿತು.

ಹಾಗಂತ ನೇಪಾಳ ದಂಡ ಅನ್ನುವುದಿಲ್ಲ. ಹಾಡಿಗೆ ಈಗಲೂ ತಪ್ಪದೆ ಬರುವ ಆರು ಜನರಲ್ಲಿ ಐವರು ನೇಪಾಳಕ್ಕೆ ಹೋಗಿ ಬಂದವರೇ. ಮೊದಲೇ ಹಾಡಿಗೆ ಕರೆದಿದ್ದರೆ ಬರುತ್ತಿರಲಿಲ್ಲ ಎಂದು ಅವರೇ ಹೇಳುತ್ತಾರೆ. ಹಿಮಾಲಯ ನೋಡುವ ಆಸೆ ನನಗೂ ಇತ್ತು, ಸುಳ್ಳೇಕೆ. ನಮ್ಮ ಅಜ್ಜಿ ಅಮ್ಮನನ್ನು ಹೆತ್ತಿದ್ದು ಮೈಸೂರಿನ ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆಯಲ್ಲಿ. 1906ರಲ್ಲಿ ಅದನ್ನು ಶುರುಮಾಡಿದವರೂ ಹೊರದೇಶದಿಂದ ಬಂದವರೇ ತಾನೇ? ಅವರು ಹತ್ತನೇ ದಿನಕ್ಕೆ ವಾಪಸ್ ಟಿಕೆಟ್ ಮಾಡಿಸಿರಲಿಲ್ಲ, ಅಷ್ಟೇ.

ಕಮಿಟಿಗೆ ನಾನು ಹೇಳಿದ್ದು: ಹಾಡಿ ನಿಲ್ಲಿಸಬೇಡಿ. ಶ್ರೀಲಂಕಾ ಸದ್ಯಕ್ಕೆ ಬೇಡ. ನೇಪಾಳಕ್ಕೆ ಹೋಗಲೇಬೇಕೆಂದರೆ ಹನ್ನೊಂದು ಜನ ಬೇಡ, ಇಬ್ಬರು ಸಾಕು. ದೀದಿಗೆ ಪವರ್ ನೋಡುವುದು, ರಿಪೇರಿ ಮಾಡುವುದು ಕಲಿಸಿ ಬರಲಿ. ಅರ್ಧ ಜನ ಒಪ್ಪಿದರು. ಉಳಿದವರಿಗೆ ಹಿಮಾಲಯ ನೋಡಬೇಕಂತೆ.

ಈ ನಡುವೆ ದೀದಿಯಿಂದ ವಾಟ್ಸಾಪ್ ಬಂತು: ಹದಿಮೂರು ಕನ್ನಡಕದ ಕಡ್ಡಿ ಹೋಗಿದೆ, ಏನು ಮಾಡಲಿ? ನಮ್ಮ ಅಂಗಡಿ ಹತ್ತಿರದ ಹೋಟೆಲಿನಲ್ಲಿ ಕೆಲಸ ಮಾಡುವ ನೇಪಾಳದ ಹುಡುಗ ದಸರೆಗೆ ಊರಿಗೆ ಹೊರಟಿದ್ದ. ಒಂದು ಡಬ್ಬಿಯಲ್ಲಿ ಸ್ಕ್ರೂ, ಎರಡು ಡ್ರೈವರು, ಮೂಗಿನ ಪ್ಯಾಡು ಹಾಕಿ ಅವನ ಕೈಗೆ ಕೊಟ್ಟೆ. ಅವನ ಊರು ಧಾದಿಂಗ್‌ನಿಂದ ದೂರ, ಆದರೂ ತಲುಪಿಸುತ್ತೇನೆ ಎಂದ. ಡಬ್ಬಿ ಅಲ್ಲಾಡಿಸಿ ನೋಡುತ್ತಾ, "ಅಕ್ಕ, ಅಮ್ಮನಿಗೂ ಒಂದು ಸಿಗುತ್ತಾ?" ಎಂದು ಕೇಳಿದ. ವಯಸ್ಸೆಷ್ಟು ಎಂದೆ. ನಲವತ್ತೆಂಟು ಇರಬೇಕು ಅಂದ. ಎರಡು ಪವರಿನದೊಂದು, ಹೆಚ್ಚುಕಡಿಮೆ ಆದರೆ ಇರಲಿ ಅಂತ ಎರಡೂವರೆಯದೊಂದು ಹಾಕಿಕೊಟ್ಟೆ.