ಮಂಗಳವಾರದ ಬಸ್ಸಿಗೊಂದು ಪತ್ರಿಕೆ: ಏಳು ವರ್ಷ ಸ್ಟ್ರೇಂಜ್ ಹೊರೈಜನ್ಸ್ ಓದಿದ ಮೇಲೆ

ಕೆಲಸಕ್ಕೆಂದು ಉಡುಪಿಯಿಂದ ಮಂಗಳೂರಿಗೆ ದಿನಾ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗಿಬರುವವಳು ನಾನು. ಏಳು ವರ್ಷದಿಂದ ಮಂಗಳವಾರ ಬೆಳಗಿನ ಪ್ರಯಾಣ ಸ್ಟ್ರೇಂಜ್ ಹೊರೈಜನ್ಸ್‌ಗೆ ಮೀಸಲು. 2000ರಲ್ಲಿ ಶುರುವಾದ ಇಂಗ್ಲಿಷ್ ಅಂತರ್ಜಾಲ ಪತ್ರಿಕೆ ಇದು. ಸಂಚಿಕೆ ಬರುವುದು ಸೋಮವಾರ. ವಿಜ್ಞಾನ ಕತೆ, ಫ್ಯಾಂಟಸಿ, ಇವೆರಡಕ್ಕೂ ಸೇರದ ವಿಚಿತ್ರ ಕತೆ, ಜೊತೆಗೆ ಕವಿತೆ. ಓದಲಿಕ್ಕೆ ದುಡ್ಡಿಲ್ಲ. ನಡೆಸುವವರಲ್ಲಿ ಬಹುತೇಕರು ಸ್ವಯಂಸೇವಕರು. ಓದುಗರ ದೇಣಿಗೆಯಿಂದ ಪತ್ರಿಕೆ ನಡೆಯುತ್ತದೆ, ಬರೆದವರಿಗೆ ಸಂಭಾವನೆಯೂ ಸಲ್ಲುತ್ತದೆ. 2024ರಲ್ಲಿ ಇಂಥ ಸಾಹಿತ್ಯಕ್ಕೇ ಕೊಡುವ ದೊಡ್ಡ ಪ್ರಶಸ್ತಿಯಾದ ಹ್ಯೂಗೋ ಬಂದಾಗ ನಮ್ಮ ಮನೆಯ ಮಗುವಿಗೇ ಬಂದಷ್ಟು ಖುಷಿಯಾಗಿತ್ತು.

ಕತೆಗಳು ಎಲ್ಲವೂ ನನಗೆ ಹಿಡಿಸುವುದಿಲ್ಲ. ಬಾಹ್ಯಾಕಾಶದ್ದಾದರೆ ಮೂಲ್ಕಿ ಸೇತುವೆ ಬರುವಷ್ಟರಲ್ಲಿ ಬಿಟ್ಟುಬಿಡುತ್ತೇನೆ. ನನ್ನನ್ನು ಹಿಡಿದಿಟ್ಟದ್ದು ಕವಿತೆ. ಒಂದನ್ನೇ ಮೂರು ಸಲ ಓದುತ್ತೇನೆ, ಕೊನೆಯ ಸಲ ತುಟಿಯಲ್ಲಿ. ಸಣ್ಣ ಫೋನಿನಲ್ಲಿ ಸಾಲುಗಳು ಮುರಿದು ಕೆಳಗಿಳಿಯುತ್ತವೆ, ಕವಿ ಬೇಕೆಂದೇ ಬಿಟ್ಟ ಖಾಲಿ ಜಾಗ ಕಾಣುವುದಿಲ್ಲ. ಫೋನನ್ನು ಅಡ್ಡ ಹಿಡಿಯಿರಿ. ತೀರಾ ಇಷ್ಟವಾದವನ್ನು ಪ್ರಿಂಟ್ ತೆಗೆಸಿ ಫೈಲ್ ಮಾಡಿದ್ದೇನೆ. ಮಳೆಗಾಲದ ತೇವಕ್ಕೆ ಹಳೆಯ ಹಾಳೆಗಳ ಅಂಚು ಮೆತ್ತಗಾಗಿದೆ.

ಒಂದು ಆಟಿಯಲ್ಲಿ (ತುಳುವರ ಮಳೆಗಾಲದ ತಿಂಗಳು), ಹೊರಗೆ ಜಡಿಮಳೆ, ಅಮ್ಮ ಪತ್ರೊಡೆಗೆಂದು ಕೆಸುವಿನೆಲೆಯ ನಾರು ತೆಗೆಯುತ್ತಿದ್ದರು. ಸತ್ತವರು ಮನೆಗೆ ಮರಳುವ ಕತೆಯೊಂದನ್ನು ಕನ್ನಡ ಮಾಡಿ ಹೇಳಿದೆ. ಎಲೆಯಿಂದ ಕಣ್ಣೆತ್ತದೆ ಅಮ್ಮ ಹೇಳಿದರು: "ಆಟಿಯಲ್ಲಿ ಸತ್ತವರಿಗೆ ಬಡಿಸ್ತೇವೆ, ಕುಲೆಗಳಿಗೆ (ಪ್ರೇತಗಳಿಗೆ) ಮದುವೆಯೂ ಮಾಡಿಸ್ತೇವೆ. ಅವರು ಬರದೆ ಇರ್ತಾರಾ ಮಗಾ?"

ಅವತ್ತಿನಿಂದ ನಾನು ಓದುವ ರೀತಿಯೇ ಬದಲಾಯಿತು. ತುಳುವಿನ ಪಾಡ್ದನಗಳಲ್ಲಿ, ಅಂದರೆ ಹಾಡಿ ಹೇಳುವ ಕತೆಗಳಲ್ಲಿ, ವೀರರು ಸಾಯುವುದಿಲ್ಲ, ಜೋಗ ಬಿಟ್ಟು ಮಾಯಕ್ಕೆ ಸೇರುತ್ತಾರೆ: ಕಣ್ಣಿಗೆ ಕಾಣುವ ಲೋಕ ಬಿಟ್ಟು ಕಾಣದ ಲೋಕಕ್ಕೆ. ಇಂಥ ಕತೆ ನಡೆಯುವ ಜಾಗ ನನಗೆ ಚಿಕ್ಕಂದಿನಿಂದ ಗೊತ್ತಿತ್ತು, ಇಂಗ್ಲಿಷಿನಲ್ಲಿ ಅದರ ಗುರುತು ಸಿಕ್ಕಿರಲಿಲ್ಲ ಅಷ್ಟೆ.

ಇದರದೇ ಸೋದರ ಪತ್ರಿಕೆ ಸಮೋವಾರ್, 2017ರಿಂದ ಬರುತ್ತಿದೆ. ಅನುವಾದಕ್ಕೇ ಮೀಸಲು, ಮೂಲವನ್ನೂ ಜೊತೆಯಲ್ಲೇ ಕೊಡುತ್ತಾರೆ. ಓದಲು ಬಾರದ ಲಿಪಿಯನ್ನೂ ನಾನು ಸುಮ್ಮನೆ ನೋಡುತ್ತೇನೆ, ಸಾಲು ಎಲ್ಲಿ ಗಿಡ್ಡವಾಯಿತು, ಯಾವ ಪದ ಮತ್ತೆ ಬಂತು ಎಂದು. ಅಲ್ಲೊಂದು ದಿನ ನಮ್ಮ ಲಿಪಿಯಲ್ಲಿ ತುಳು ಪಾಡ್ದನ, ಪಕ್ಕದಲ್ಲಿ ಅದರ ಇಂಗ್ಲಿಷ್ ಕಾಣಬೇಕೆಂಬುದು ನನ್ನ ಬಹಳ ದಿನದ ಆಸೆ.

ದೇಣಿಗೆ ಕೊಡುವವರಿಗೊಂದು ಮಾತು: ನನ್ನ ಡೆಬಿಟ್ ಕಾರ್ಡಿನಲ್ಲಿ ವಿದೇಶಿ ಪಾವತಿ ಬಂದ್ ಆಗಿತ್ತು, ಬ್ಯಾಂಕಿಗೆ ಮೂರು ಸಲ ಅಲೆದ ಮೇಲೆ ಸರಿಯಾಯಿತು. ಅದನ್ನು ಮೊದಲೇ ನೋಡಿಕೊಳ್ಳಿ. ಕತೆಗಳನ್ನು ಓದಿ ಹೇಳುವ ಪಾಡ್‌ಕಾಸ್ಟ್ ಕೂಡ ಇದೆ, ಬಸ್ಸಿನಲ್ಲಿ ಸೀಟು ಸಿಗದ ದಿನ ನನಗೆ ಅದೇ.