ಕಲಬುರಗಿಯ ಗಾಜು ಪಾಲಿಶ್ ಕಾರ್ಯಾಗಾರ: ಹೊಳಪಿಗಿಂತ ಒಳಬಿರುಕಿನ ಮೇಲೆ ಕಣ್ಣು

ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂಬದಿಯ ಓಣಿಯೊಂದರಲ್ಲಿ ಕಾಲೇಜುಗಳ ಪ್ರಿಸಂ, ಮಸೂರ ಹಾಗೂ ಹವ್ಯಾಸಿಗಳ ದೂರದರ್ಶಕದ ಕನ್ನಡಿಗಳನ್ನು ತಿಕ್ಕಿ ಪಾಲಿಶ್ ಮಾಡಿಕೊಡುವ ಸಣ್ಣ ಕಾರ್ಯಾಗಾರವಿದೆ. ಗೀರು ಬಿದ್ದ ಪ್ರಿಸಂಗಳನ್ನೂ 150 ಮಿ.ಮೀ. ವ್ಯಾಸದ ಕನ್ನಡಿ ಗಾಜೊಂದನ್ನೂ ನಾವು ಅಲ್ಲಿಗೇ ಕೊಟ್ಟಿದ್ದೆವು.

ಈ ಕೆಲಸದಲ್ಲಿ ಹೊಳಪನ್ನು ನೋಡಿ ಬೆಲೆ ಕಟ್ಟುವಂತಿಲ್ಲ. ತಿಕ್ಕಲು ಬಳಸುವ ಕಾರ್ಬೊರಂಡಂ ಎಂಬ ಗಡಸು ಪುಡಿಯ ಕಣಗಳು ಗಾಜನ್ನು ಚಕ್ಕೆಚಕ್ಕೆಯಾಗಿ ಕೀಳುವಾಗ ಮೇಲ್ಮೈಯ ಕೆಳಗೂ ಸೂಕ್ಷ್ಮ ಬಿರುಕುಗಳನ್ನು ಬಿಡುತ್ತವೆ. ಅವುಗಳ ಆಳವು ಮೇಲ್ಮೈಯ ಒರಟುತನದ ಮೂರು ನಾಲ್ಕು ಪಟ್ಟು ಇರುತ್ತದೆಂದು ಗಾಜಿನ ಸಂಶೋಧಕ ಎಫ್. ಡಬ್ಲ್ಯೂ. ಪ್ರೆಸ್ಟನ್ 1922ರಲ್ಲೇ ಗುರುತಿಸಿದ್ದರು. ಸೀರಿಯಂ ಆಕ್ಸೈಡ್ ಎಂಬ ನುಣ್ಣನೆಯ ಪುಡಿಯಿಂದ ಮಾಡುವ ಕೊನೆಯ ಪಾಲಿಶನ್ನು ಅವಸರದಲ್ಲಿ ಮುಗಿಸಿದರೆ ಬಿರುಕಿನ ಬಾಯಿ ಮುಚ್ಚಿಕೊಂಡು ಗಾಜು ಥಳಥಳಿಸುತ್ತದೆ, ಬಿರುಕು ಮಾತ್ರ ಒಳಗೇ ಉಳಿದು ಬೆಳಕನ್ನು ಚದುರಿಸುತ್ತದೆ.

ಇಲ್ಲಿನ ಕುಶಲಕರ್ಮಿಗಳು ಈ ವಿಷಯದಲ್ಲಿ ರಾಜಿಯಾಗುವುದಿಲ್ಲ. 220ರ ಪುಡಿಯಿಂದ 400ಕ್ಕೆ, ಅಲ್ಲಿಂದ 600ಕ್ಕೆ (ಸಂಖ್ಯೆ ಹೆಚ್ಚಿದಷ್ಟೂ ಪುಡಿ ನುಣುಪು) ಹೋಗುವ ಮುನ್ನ ಕತ್ತಲು ಮಾಡಿದ ಮೂಲೆಯಲ್ಲಿ ಗಾಜಿಗೆ ಓರೆಯಾಗಿ ದೀಪ ಹಿಡಿದು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರವಾದ ಲೂಪ್‌ನಿಂದ ಅಂಚಿನವರೆಗೂ ನೋಡುತ್ತಾರೆ. ಹಿಂದಿನ ಹಂತದ ಒಂದು ಕುಳಿ ಕಂಡರೂ ಅದೇ ಪುಡಿಯಲ್ಲಿ ಮತ್ತೆ ತಿಕ್ಕುತ್ತಾರೆ. ಕುಳಿ ಮಾಯವಾದ ಮೇಲೂ ಇನ್ನಷ್ಟು ಹೊತ್ತು ತಿಕ್ಕುವುದು ಕೆಳಗಿನ ಬಿರುಕಿನ ಪದರವೂ ಸವೆಯಲೆಂದು. "ಕಣ್ಣಿಗೆ ಛಲೋ ಕಂಡ್ರ ಸಾಲಂಗಿಲ್ರಿ ಸರ, ಬಿರುಕಿನ ಬುಡದ ತನಕ ಹೋಗ್ಬೇಕು" ಎಂದರು ಹಿರಿಯರೊಬ್ಬರು. ದಪ್ಪ ಪುಡಿಯ ಒಂದು ಕಣವೂ ಮುಂದಿನ ಹಂತಕ್ಕೆ ಬಾರದಂತೆ ತಟ್ಟೆ, ಬಟ್ಟೆ, ಉಗುರಿನ ಸಂದಿಯನ್ನೂ ತೊಳೆಯುವ ಅವರ ಶಿಸ್ತು ದೊಡ್ಡ ಕಾರ್ಖಾನೆಗಳಿಗೂ ಮಾದರಿಯಾಗಬಲ್ಲದು.

ಕೊರತೆಗಳಿಲ್ಲವೆಂದಲ್ಲ. ಮುಚ್ಚಿದ ಬಿರುಕನ್ನು ತೆರೆದು ತೋರಿಸುವ ಹೈಡ್ರೋಫ್ಲೋರಿಕ್ ಆಮ್ಲದ ಪರೀಕ್ಷೆ ಇಲ್ಲಿಲ್ಲ. ಆ ಆಮ್ಲದ ಅಪಾಯವನ್ನು ಬಲ್ಲವರು ಅದನ್ನು ಓಣಿಯ ಅಂಗಡಿಯಲ್ಲಿ ಇಡದಿರುವುದೇ ಲೇಸು ಎನ್ನುತ್ತಾರೆ, ನಾನೂ ಒಪ್ಪುತ್ತೇನೆ. ಆದರೆ ಯಾವ ಹಂತದಲ್ಲಿ ಎಷ್ಟು ಗಾಜು ಸವೆಯಿತೆಂಬ ಲಿಖಿತ ದಾಖಲೆಯನ್ನಾದರೂ ಕೊಡಬೇಕಿತ್ತು; ಸವೆತವನ್ನು ಅಳೆಯಲು ಮೈಕ್ರೋಮೀಟರ್ ಅವರ ಮೇಜಿನ ಮೇಲೆಯೇ ಇದೆ. ಪ್ರಬಲ ಲೇಸರ್ ಹಾಯುವ ಗಾಜನ್ನು, ಅಲ್ಲಿ ಅಡಗಿದ ಬಿರುಕೇ ಹಾನಿಯ ಮೂಲವಾಗುವುದರಿಂದ, ಇಲ್ಲಿ ಕೊಡಲು ನಾನು ಹೇಳುವುದಿಲ್ಲ.

ದರ ನ್ಯಾಯವಾಗಿದೆ. ಏಪ್ರಿಲ್–ಮೇ ಬಿಸಿಲಿಗೆ ಪಾಲಿಶ್ ಹಲಗೆಯ ಮೇಲಿನ ಪಿಚ್ ಎಂಬ ರಾಳದಂಥ ಪದರ ಮೆತ್ತಗಾಗುವುದರಿಂದ ಆಗ ಬೆಳಗಿನ ಜಾವ ಮಾತ್ರ ಪಾಲಿಶ್ ಕೆಲಸ ನಡೆಯುತ್ತದೆ. ಕೆಲಸ ಬೇಗ ಮುಗಿಯಬೇಕೆನ್ನುವವರು ಬಿಸಿಲು ತಗ್ಗಿದ ದೀಪಾವಳಿಯ ನಂತರ ಕೊಡುವುದು ಒಳಿತು.